ಬಚ್ಚಲ ನೀರು ಕುಡಿದು ಬೆಳೆದ ತೋಟಗಳು: ಬಳ್ಳಾರಿಯ ನಮ್ಮ ಓಣಿ, ಟೂಸಾನ್‌ನ ಈ ಓಣಿ

ಮನೆ ಮುಂದಿನ ತೋಟ ಅಂದಕೂಡ್ಲೆ ಈಗ ಎಲ್ರಿಗೂ ನೆನಪಾಗೋದು ಹುಲ್ಲುಹಾಸು, ಒಂದೇ ಎತ್ತರಕ್ಕೆ ಕತ್ತರಿಸಿದ ಗಿಡ, ನರ್ಸರಿಯಿಂದ ತಂದ ಒಂದೇ ಸೈಜಿನ ಕುಂಡ. ನಳದ ನೀರು ವಾರಕ್ಕೊಮ್ಮೆ, ಬ್ಯಾಸಿಗ್ಯಾಗ ಹತ್ತು ದಿನಕ್ಕೊಮ್ಮೆ ಬರ್ತಿದ್ದ ಬಳ್ಳಾರ್ಯಾಗ ಬೆಳೆದ ನನಗೆ ಅದು ತೋಟ ಅನ್ನಿಸೋದೇ ಇಲ್ಲ. ನಮ್ಮ ಓಣ್ಯಾಗ ತೋಟ ಅಂದ್ರೆ ಬಚ್ಚಲ ನೀರು ಎಲ್ಲಿಗೆ ಹರೀತಿತ್ತೋ ಅಲ್ಲಿ ಹುಟ್ಟಿದ್ದು, ಕೈಗೆ ಯಾವ ಡಬ್ಬಿ ಸಿಕ್ತೋ ಅದ್ರಾಗ ಬೆಳೆದದ್ದು, ಮನೆಯವರು ಏನು ಉದ್ಯೋಗ ಮಾಡ್ತಾರೆ ಅನ್ನೋದನ್ನ ನೋಡಿದ ತಕ್ಷಣ ಹೇಳ್ತಿದ್ದದ್ದು. ಅಂಥ ತೋಟಗಳು ಈಗ ನಮ್ಮೂರಾಗ ಒಂದೊಂದೇ ಹೋಗ್ತಾ ಅದಾವೆ, ಅದೇ ಹೊತ್ತಿಗೆ ಅಂಥವನ್ನೇ ಇನ್ನೊಂದು ಸುಡುಬಿಸಿಲಿನ ಊರು ಕಾನೂನು ಮಾಡಿ, ಮೇಲೆ ದುಡ್ಡನ್ನೂ ಕೊಟ್ಟು ಬೆಳೆಸ್ತಾ ಐತಿ, ಆ ಊರಾಗೇ ನಾನೀಗ ಇರೋದು, ಹಂಗಾಗಿ ಇದನ್ನ ಬರೀದೇ ಇರೋಕೆ ಆಗ್ಲಿಲ್ಲ.

ಊರು ಟೂಸಾನ್, ಅಮೆರಿಕದ ಅರಿಜೋನಾ ರಾಜ್ಯದ್ದು. ಸಂಡೂರಿನ ಕಬ್ಬಿಣದ ಅದಿರು ನೋಡ್ಕೊಂಡು ಬೆಳೆದವನು ಇಲ್ಲಿ ತಾಮ್ರದ ಗಣಿ ಕೆಲಸಕ್ಕೆ ಬಂದೆ. ಜೂನ್‌ನಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಮಾಮೂಲು, ಕಾರಿನ ಸ್ಟೇರಿಂಗ್ ಮುಟ್ಟಿದ್ರೆ ಕೈ ಸುಡುತ್ತೆ, ಸುತ್ತ ಬೋಳು ಗುಡ್ಡ. ವರ್ಷಕ್ಕೆ ಬೀಳೋ ಮಳೆ 280 ಮಿಲಿಮೀಟರ್ ಆಸುಪಾಸು. ನಮ್ಮ ಬಳ್ಳಾರಿಗೆ ಹೆಚ್ಚುಕಮ್ಮಿ ಅದರ ಎರಡು ಪಟ್ಟು ಬೀಳುತ್ತೆ. ಬರದ ಸೀಮೆ ಅಂತ ಹೆಸರು ಹೊತ್ತ ನಮ್ಮೂರು ಇಲ್ಲಿಯವರ ಲೆಕ್ಕಕ್ಕೆ ಒಳ್ಳೇ ಮಳೆ ಬೀಳೋ ಊರು! ಇದು ಗೊತ್ತಾದಾಗಿಂದ ನಮ್ಮೂರಿನ ನೀರಿನ ವಿಷಯವನ್ನ ನಾನು ನೋಡೋ ರೀತಿನೇ ಬದಲಾಯ್ತು.

ಮೊದಲು ನಮ್ಮ ಓಣಿ. ರೈಲ್ವೆ ಸ್ಟೇಷನ್‌ಗೆ ಹತ್ರ, ಸತ್ಯನಾರಾಯಣ ಪೇಟೆ ಕಡೆ. ಅರ್ಧ ಮಣ್ಣಿನ ಮಾಳಿಗೆ ಮನೆಗಳು, ಅರ್ಧ ಆರ್‌ಸಿಸಿ, ಎಲ್ಲ ಮನೆಗೂ ಮುಂದೊಂದು ಕಟ್ಟೆ, ಕಟ್ಟೆಗೂ ಚರಂಡಿಗೂ ನಡುವೆ ಎರಡು ಮೂರು ಅಡಿ ಬರೀ ಮಣ್ಣು. ಆ ಎರಡು ಮೂರು ಅಡಿ ಕಾಗದದ ಮೇಲೆ ಮನೆಯವರದ್ದಲ್ಲ, ಆದ್ರೂ ಅದನ್ನ ಗುಡಿಸಿ ನೀರು ಹೊಡೆದು ರಂಗೋಲಿ ಹಾಕೋರು ಮನೆಯವರೇ, ಅದಕ್ಕೆ ಅದ್ರಾಗ ಗಿಡ ಹಾಕೋಕೆ ಯಾರ ಅಪ್ಪಣೆಯೂ ಬೇಕಿರ್ಲಿಲ್ಲ. ಓಣಿಯ ವಿಚಿತ್ರವೆಲ್ಲ ಹುಟ್ಟಿದ್ದು ಆ ಪಟ್ಟಿ ಜಾಗದಾಗ.

ಎಲ್ಲಕ್ಕಿಂತ ಮೊದಲು ಗಾರ್ಡ್ ಅಜ್ಜನ ತೋಟ. ಅಜ್ಜ ಗುಂತಕಲ್ - ಹುಬ್ಬಳ್ಳಿ ಲೈನಿನಾಗ ಗಾರ್ಡ್ ಆಗಿ ರಿಟೈರ್ ಆದವರು. ಹಳೇ ಕಾಲದ ಸ್ಟೇಷನ್‌ಗಳಾಗ ಪ್ಲಾಟ್‌ಫಾರ್ಮ್ ಪಕ್ಕ ಒಂದು ತೋಟ ಇರ್ತಿತ್ತಲ್ಲ, ಸುತ್ತ ಕಲ್ಲಿಟ್ಟು ಒಂದಕ್ಕೆ ಸುಣ್ಣ ಒಂದಕ್ಕೆ ಕೆಮ್ಮಣ್ಣು ಬಳಿದು, ಅದೇ ತರ ಮನೆ ಮುಂದೆ ಮಾಡಿಕೊಂಡಿದ್ರು. ಅಲ್ಲಿಗೇ ಬಿಡಲಿಲ್ಲ. ಕಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಗಿಡಗಳನ್ನ ಲೈನಿನ ಸ್ಟೇಷನ್‌ಗಳ ವರ್ಸೆಯಲ್ಲೇ ನೆಟ್ಟಿದ್ರು, ಪ್ರತಿ ಗಿಡದ ಬುಡಕ್ಕೂ ಹಳದಿ ಬಣ್ಣದ ತಗಡಿನ ಮೇಲೆ ಕಪ್ಪಕ್ಷರದಾಗ ಸ್ಟೇಷನ್ ಹೆಸರು, ಕನ್ನಡ ಹಿಂದಿ ಇಂಗ್ಲಿಷ್ ಮೂರರಲ್ಲೂ. ಕುಡತಿನಿ ಅಂದ್ರೆ ಕಣಗಿಲೆ. ದರೋಜಿ ಅಂದ್ರೆ ಸೀತಾಫಲ, ಯಾಕಂದ್ರೆ ಆ ಗುಡ್ಡದ ಕಡೆಯಿಂದಲೇ ಬೀಜ ತಂದಿದ್ದು ಅಂತಿದ್ರು. ತೋರಣಗಲ್ಲು ಕೆಂಪು ದಾಸವಾಳ. ಗಾದಿಗನೂರು, ಪಾಪಿನಾಯಕನಹಳ್ಳಿ ಎರಡೂ ನಂದಿಬಟ್ಟಲು. ಹೊಸಪೇಟೆಗೆ ಬಾಳೆ ಬಿಟ್ರೆ ಬೇರೇನೂ ಹಾಕೋ ಹಂಗೇ ಇರ್ಲಿಲ್ಲ, ಅಲ್ಲಿಯ ಕಾಲುವೆ ಬದಿಯ ಬಾಳೆತೋಟ ನೋಡಿದವರಿಗೆ ಗೊತ್ತು. ಮುನಿರಾಬಾದ್ ಬಂತು ಅಂದ್ರೆ ಡ್ಯಾಮ್ ಬಂತಲ್ಲ, ಅದಕ್ಕೆ ಅಲ್ಲೊಂದು ತೂತು ಮುಚ್ಚಿದ ಹಳೇ ಹಂಡೆ ಅರ್ಧ ಹೂತು, ನೀರು ತುಂಬಿಸಿ, ತಾವರೆ ಬಿಟ್ಟಿದ್ರು. ಕೊಪ್ಪಳದ ಹೊತ್ತಿಗೆ ಕಟ್ಟೆ ಮುಗೀತಿತ್ತು, ಅಲ್ಲೊಂದು ನಿಂಬೆಗಿಡ. ಸ್ಟೇಷನ್ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಅಂತ ಬರೆದಿರ್ತಾರಲ್ಲ, ಆ ಜಾಗದಾಗ ಅಜ್ಜ ಗಿಡ ನೆಟ್ಟ ತಾರೀಖು ಬರೀತಿದ್ರು, ಗಿಡ ಒಣಗಿ ಹೊಸದು ನೆಟ್ರೆ ಹಳೇ ತಾರೀಖಿನ ಮೇಲೆ ಹಳದಿ ಬಳಿದು ಹೊಸದು ಬರೆಯೋರು. ಸಾಯಂಕಾಲ ನಾವು ಹುಡುಗ್ರು ಆಡ್ತಿದ್ರೆ ಕರೆಯೋರು, "ಏ ತಮ್ಮಾ, ತೋರಣಗಲ್ಲಿಗೆ ಒಂದು ಚರಿಗಿ ನೀರ್ ಹಾಕಪ್ಪ, ಬಾಡೇತಿ ನೋಡು." ಆ ಲೈನಿನ ಸ್ಟೇಷನ್‌ಗಳ ಹೆಸರು ಇವತ್ತಿಗೂ ನನಗೆ ವರ್ಸೆಯಾಗಿ ಬರುತ್ತೆ, ಯಾವ ಶಾಲೆಯಲ್ಲೂ ಅದನ್ನ ಕಲಿಸಿಲ್ಲ.

ಅಜ್ಜನ ಮನೆಯಿಂದ ನಾಲ್ಕು ಮನೆ ದಾಟಿದ್ರೆ ಅಮ್ಮಮ್ಮನ ಮನೆ. ತೆಲುಗು ಮನೆತನ, ನಮ್ಮ ಓಣಿಯ ಅರ್ಧಕ್ಕರ್ಧ ಹಂಗೇ, ಒಂದು ವಾಕ್ಯದಾಗ ಎರಡೂ ಭಾಷೆ ಬರ್ತಿತ್ತು. ಅವರಿಗೆ ಜಾಗ ಇದ್ದದ್ದು ಒಂದು ಎಣ್ಣೆ ಡಬ್ಬಿ ಇಡೋವಷ್ಟು ಮಾತ್ರ. ಅದ್ರಾಗೇ ಹೀರೇಬಳ್ಳಿ ಹಾಕಿ, ತಗಡಿನ ಮೇಲೆ ಹಬ್ಬಿಸಿ, ತಗಡೂ ಸಾಲದೇ ಹೋದಾಗ ಎದುರು ಮನೆ ಕಿಟಕಿಯ ಸರಳಿಗೆ ತಂತಿ ಕಟ್ಟಿಸಿ ಬಳ್ಳಿಯನ್ನ ರಸ್ತೆ ದಾಟಿಸಿಬಿಟ್ರು. ಮಳೆಗಾಲ ಮುಗಿಯೋ ಹೊತ್ತಿಗೆ ಓಣಿಯ ಮಧ್ಯ ತಲೆ ಮೇಲೆ ಹೀರೇಕಾಯಿ ತೂಗ್ತಿದ್ವು, ಸೈಕಲ್ ಮೇಲೆ ಬರೋರು ತಲೆ ಬಗ್ಗಿಸೋರು. ಅವರು ಮಾಡಿದ ರೂಲ್ಸ್ ಒಂದೇ: ಓಣಿಯ ನಡುವಿನ ಚಪ್ಪಡಿ ಕಲ್ಲಿನ ಆಚೆ ತೂಗಿದ ಕಾಯಿ ಎದುರು ಮನೆಯವರದ್ದು, ಈಚೆ ತೂಗಿದ್ದು ಇವರದ್ದು, ಚಪ್ಪಡಿಯ ಮೇಲೇ ತೂಗಿದ್ದು ಬೀಜಕ್ಕೆ. ಬೀಜದ ಕಾಯಿ ಒಣಗಿದ ಮೇಲೆ ಒಡೆದು, ಯಾರು ಕೇಳಿದ್ರೂ ಪೇಪರಿನ ಪೊಟ್ಟಣ ಕಟ್ಟಿ ಕೊಡೋರು. ಆ ಬೀಜ ಎಷ್ಟು ಮನೆ ಸೇರಿದ್ವೋ.

ಲಾರಿ ಓನರ್ ಮನೆಯ ಟೈರು ಬೇರೆ ಕಥೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ಆ ಐದಾರು ವರ್ಷ ಬಳ್ಳಾರಿಯ ಅದಿರಿಗೆ ಚೀನಾದಿಂದ ಬೇಡಿಕೆ ಬಂದು ಊರೆಲ್ಲ ಲಾರಿ ಆದ ಕಾಲ ಇತ್ತಲ್ಲ, ಆಗ ಅವರು ಗಣಿಯ ಡಂಪರಿನ ಹಳೇ ಟೈರೊಂದನ್ನ ತಂದು ಮನೆ ಮುಂದೆ ಅಡ್ಡ ಮಲಗಿಸಿ ಮಣ್ಣು ತುಂಬಿ ನುಗ್ಗೆ ಹಾಕಿದ್ರು. ಟೈರಿನ ಎತ್ತರ ನಮ್ಮ ಸೊಂಟದ ತನಕ, ಅಂಚಿನ ಮೇಲೆ ಆರೇಳು ಜನ ಕೂರಬಹುದಿತ್ತು, ಓಣಿಯ ಗಂಡಸರ ಹರಟೆಯ ಜಾಗ ಅದೇ ಆಯ್ತು. ಆದ್ರೆ ಎಲೆ ಮೇಲೆಲ್ಲ ಕೆಂಪು ಧೂಳು ಕೂರ್ತಿತ್ತು. ಅವರ ತಾಯಿ ದಿನಾ ಸಂಜೆ ಕೈಗೆಟುಕೋ ಎಲೆಗಳನ್ನ ಒದ್ದೆ ಬಟ್ಟೆಯಿಂದ ಒರೆಸೋರು, ದುಡ್ಡು ತಂದ ಧೂಳು ಗಿಡದ ಮೇಲೂ ಎದೆ ಒಳಗೂ ಒಂದೇ ತರ ಕೂರುತ್ತೆ ಅಂತ ಆ ತಾಯಿಗೆ ಗೊತ್ತಿತ್ತು, ಮಗನಿಗೆ ಹೇಳ್ತಾನೂ ಇದ್ರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿ ಹೋದ್ವು, ಟೈರು ಉಳೀತು, ನುಗ್ಗೆ ಆ ವರ್ಷ ಮೊದಲ ಸಲ ಹಸಿರಾಗಿ ಕಂಡಿತು.

ಇನ್ನು ಟೈಲರ್ ಮಾಮ. ಬಳ್ಳಾರಿ ಜೀನ್ಸ್ ಅಂದ್ರೆ ಹೊರಗಿನವರಿಗೂ ಗೊತ್ತು, ನಮ್ಮೂರಾಗ ಎಷ್ಟೋ ಓಣಿಗಳಾಗ ಹೊಲಿಗೆ ಮಷಿನ್ ಸದ್ದು ಕೇಳಿಸುತ್ತೆ. ಹೊಲಿಗೆ ಕೆಟ್ಟು ರಿಜೆಕ್ಟ್ ಆದ ಪ್ಯಾಂಟುಗಳನ್ನ ಮಾಮ ಎಸೀತಿರ್ಲಿಲ್ಲ, ಕಾಲಿನ ಬುಡ ಹೊಲಿದು, ಮಣ್ಣು ಗೊಬ್ಬರ ತುಂಬಿ, ಕಾಂಪೌಂಡಿನ ಮೇಲೆ ಕೂರಿಸೋರು. ಸೊಂಟದಿಂದ ಕೊತ್ತಂಬರಿ, ಮೆಂತ್ಯ, ಪುದೀನ ಹೊರಗೆ ಬರ್ತಿತ್ತು. ಸಾಲಾಗಿ ಹತ್ತು ಪ್ಯಾಂಟು ಗೋಡೆ ಮೇಲೆ ಕುಂತಂಗೆ, ಹೊಸಬ್ರು ಕತ್ತಲಾಗ ನೋಡಿದ್ರೆ ಹೆದರೋರು. ಆದ್ರೆ ಅದ್ರಾಗೊಂದು ಬುದ್ಧಿ ಇತ್ತು. ಪ್ಲಾಸ್ಟಿಕ್ ಕುಂಡ ಬಳ್ಳಾರಿಯ ಮೇ ತಿಂಗಳಾಗ ಕಾದು ಬೇರು ಬೇಯಿಸಿಬಿಡುತ್ತೆ, ದಪ್ಪ ಬಟ್ಟೆ ನೀರು ಹೀರಿಕೊಂಡು ಆರ್ತಾ ಆರ್ತಾ ಮಣ್ಣನ್ನ ತಂಪಾಗಿಡುತ್ತೆ, ಮಣ್ಣಿನ ಗಡಿಗೆಯ ನೀರು ತಣ್ಣಗಿರೋದು ಯಾಕೋ ಇದೂ ಅದಕ್ಕೇ. ಇಲ್ಲಿ ಅಂಗಡಿಗಳಾಗ ಬಟ್ಟೆಯ ಕುಂಡ ಅಂತ ಮಾರ್ತಾರೆ, ಒಳ್ಳೇ ರೇಟಿಗೆ.

ಮೂಲೆ ಮನೆ ನಾನಿಯದ್ದು. ಗೋಡೆ ಕಟ್ಟಿಸೋ ಬದಲು ಸುತ್ತಲೂ ಮೆಹೆಂದಿ ಬೇಲಿ ಹಾಕಿದ್ರು. ರಂಜಾನ್ ಹಬ್ಬದ ಮುಂಚೆ ಅವರ ಮನೆ ಹುಡುಗೀರಿಗೆ, ಶ್ರಾವಣದಾಗ ನಮ್ಮ ಮನೆಗಳ ಹುಡುಗೀರಿಗೆ, ಮದುವೆ ಸೀಜನ್‌ನಾಗ ಎಲ್ಲಾರಿಗೂ ಆ ಬೇಲಿಯೇ. ನಾನಿ ಕಡೀಬ್ಯಾಡ್ರಿ ಅಂತಿರ್ಲಿಲ್ಲ, ಒಂದೇ ಕಡೆ ಬೋಳಿಸಬ್ಯಾಡ್ರವ್ವ ಅಂತಿದ್ರು ಅಷ್ಟೇ. ಸವರಿದಷ್ಟೂ ಬೇಲಿ ದಟ್ಟ ಆಗ್ತಿತ್ತು.

ಹೂವಿನ ವಿಷಯಕ್ಕೂ ಬರೆಯದ ಕಟ್ಟಳೆಗಳಿದ್ವು. ಬೆಳಗ್ಗೆ ಪೂಜೆಗೆ ಯಾರ ಮನೆ ದಾಸವಾಳ ಕಿತ್ರೂ ಯಾರೂ ಬಯ್ಯೋರಲ್ಲ, ಆದ್ರೆ ಆ ಮನೆ ದೇವರಿಗೆ ಅಂತ ನಾಲ್ಕು ಬಿಡಬೇಕು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟೋ ಹಂಗಿಲ್ಲ. ಕರಿಬೇವಿಗೆ ಕೇಳೋದೇ ಬೇಡ. ದುಂಡುಮಲ್ಲಿಗೆಗೆ ಮಾತ್ರ ಕೇಳಲೇಬೇಕು.

ಇವೆಲ್ಲಕ್ಕೂ ನೀರು ಎಲ್ಲಿಂದ? ಬಳ್ಳಾರಿಯ ನಳದ ನೀರು ತುಂಗಭದ್ರಾ ಕಾಲುವೆಯಿಂದ ಕೆರೆ ತುಂಬಿಸಿ ಕೊಡೋದು, ಕಾಲುವೆ ಬಂದ್ ಆಗೋ ತಿಂಗಳಾಗ ಒಂದೊಂದು ಕೊಡಕ್ಕೂ ಲೆಕ್ಕ. ನಮ್ಮವ್ವ ಒಂದೇ ಒಂದು ಚರಿಗಿ ಒಳ್ಳೇ ನೀರನ್ನ ಗಿಡಕ್ಕೆ ಹಾಕಿದ್ದು ನಾ ಕಾಣೆ, ಹೊಸದಾಗಿ ನೆಟ್ಟ ಸಸಿಯ ಮೊದಲ ಎರಡು ದಿನ ಬಿಟ್ಟು. ಅಕ್ಕಿ ತೊಳೆದ ನೀರು ತುಳಸಿಗೆ, ಮಲ್ಲಿಗೆಗೆ. ಕೈಕಾಲು ತೊಳೆದದ್ದು ಕನಕಾಂಬರಕ್ಕೆ. ಸ್ನಾನದ ನೀರು ಬಚ್ಚಲ ತೂತಿನಿಂದ ಹೊರಗೆ ಬಂದು, ಕಾಲುವೆ ತೋಡಿದ ದಾರ್ಯಾಗ ಹರಿದು, ಮೊದಲು ಬಾಳೆ, ಆಮೇಲೆ ಪಪ್ಪಾಯಿ, ಕೊನೆಗೆ ಕರಿಬೇವು. ಮುಸುರೆ ನೀರು ಗಿಡಕ್ಕಲ್ಲ, ಪಕ್ಕದ ಮನೆ ಎಮ್ಮೆಗೆ. ಯಾವ ನೀರು ಯಾವುದಕ್ಕೆ ಆಗಿಬರುತ್ತೆ ಅನ್ನೋದರ ಬಗ್ಗೆ ಎಲ್ಲಾ ಹೆಣ್ಣುಮಕ್ಕಳಿಗೂ ಒಂದು ಪಕ್ಕಾ ತಿಳುವಳಿಕೆ ಇತ್ತು. ನಮ್ಮದು ಎರೆ ಮಣ್ಣು, ನೀರು ಜಾಸ್ತಿ ಆದ್ರೆ ಅಂಟಾಗಿ ನಿಂತುಬಿಡುತ್ತೆ, ಒಣಗಿದ್ರೆ ಕೈ ಹೋಗೋವಷ್ಟು ಬಿರುಕು ಬಿಡುತ್ತೆ, ಅದಕ್ಕೆ ಬುಡಕ್ಕೆ ಕೆಂಪು ಮಣ್ಣು, ಮರಳು, ಬೂದಿ ಬೆರೆಸಿ, ಮೇಲೆ ತರಗೆಲೆ ಹೊದಿಸೋರು. ಸೀಗೇಕಾಯಿ, ಕಡ್ಲಿಹಿಟ್ಟಿನ ಸ್ನಾನ ಇದ್ದ ಮನೆಯ ಬಾಳೆ ಚೆನ್ನಾಗಿ ಬರ್ತಿತ್ತು. ಸೋಪಿನ ಪೌಡರ್ ಬಂದ ಮೇಲೆ ಬಟ್ಟೆ ಒಗೆದ ನೀರನ್ನ ಚರಂಡಿಗೆ ತಿರುಗಿಸೋಕೆ ಶುರು ಮಾಡಿದ್ರು, ಅದೂ ಸರಿಯಾದ ನಿರ್ಧಾರವೇ, ಪೌಡರಿನ ಉಪ್ಪು ಎರೆ ಮಣ್ಣಿಗೆ ಸೇರಿದ್ರೆ ಮಣ್ಣು ಕಲ್ಲಾಗುತ್ತೆ.

ಈಗ ಟೂಸಾನ್. ಇಲ್ಲಿಗೆ ಬಂದ ಮೊದಲು ಊರ ಹೊರಗಿನ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲಿ ಮನೆಮಾಲೀಕರ ಸಂಘ ಅಂತ ಒಂದಿರುತ್ತೆ, ಮನೆ ಮುಂದೆ ಹಾಕೋ ಜಲ್ಲಿಕಲ್ಲಿನ ಬಣ್ಣದಿಂದ ಹಿಡಿದು ಯಾವ ಗಿಡ ಇರಬೇಕು ಅನ್ನೋವರೆಗೆ ಪಟ್ಟಿ. ಕುಂಬಳಬಳ್ಳಿ ಮುಂದಕ್ಕೆ ಹಬ್ಬಿತು ಅಂತ ನಮಗೆ ನೋಟಿಸ್ ಬಂತು. ಬೀದಿಗೆ ಬೀದಿಯೇ ಒಂದೇ ತರ, ಸಾಯಂಕಾಲ ಮನೆಯಿಂದ ಹೊರಗೆ ಒಬ್ಬರೂ ಕಾಣ್ತಿರ್ಲಿಲ್ಲ. ಅಲ್ಲಿ ಇದ್ದಷ್ಟು ದಿನ ಈ ದೇಶದಾಗ ತೋಟ ಅಂದ್ರೆ ಇಷ್ಟೇ ಅಂದ್ಕೊಂಡಿದ್ದೆ.

ಆಮೇಲೆ ಊರೊಳಗಿನ ಹಳೇ ಓಣಿಗೆ ಬಂದ್ವಿ, ಇಲ್ಲಿ ಹಳೇ ಪೇಟೆಗಳಿಗೆ ಬಾರಿಯೋ ಅಂತಾರೆ, ತಲೆಮಾರುಗಳಿಂದ ಮೆಕ್ಸಿಕನ್ ಕುಟುಂಬಗಳು ಇರೋ ಜಾಗ, ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆಯ ಮನೆಗಳು. ಮೊದಲ ದಿನ ನಡೆದು ಹೋಗ್ತಾ ಒಂದು ಮನೆ ಮುಂದೆ ನಿಂತೇ ಬಿಟ್ಟೆ. ಕಿಟಕಿ ಕೆಳಗೆ ಸಾಲಾಗಿ ಕಾಫಿಪುಡಿ ಡಬ್ಬಿ, ಅದ್ರಾಗ ಲೋಳೆಸರ, ಮೆಣಸಿನಗಿಡ, ಪುದೀನ. ನಮ್ಮ ಡಾಲ್ಡಾ ಡಬ್ಬಿಗಳೇ! ಪಕ್ಕದಾಗ ಹಳೇ ಸ್ನಾನದ ತೊಟ್ಟಿಯನ್ನ ಅರ್ಧ ನೆಲಕ್ಕೆ ಹೂತು ನಿಲ್ಲಿಸಿ, ಅದನ್ನೇ ಗೂಡು ಮಾಡಿ ಒಳಗೆ ಮೇರಿಯಮ್ಮನ ಮೂರ್ತಿ ಇಟ್ಟು ಬಣ್ಣದ ದೀಪ ಹಚ್ಚಿದ್ರು. ನಮ್ಮ ತುಳಸಿಕಟ್ಟೆ ಇರೋ ಜಾಗದಾಗ, ಅದೇ ಎತ್ತರಕ್ಕೆ. ಇನ್ನೊಂದು ಮನೆಗೆ ಬೇಲಿ ಅಂದ್ರೆ ಓಕೊಟಿಯೋ ಅನ್ನೋ ಮುಳ್ಳುಗಿಡದ ಉದ್ದುದ್ದ ಕೋಲುಗಳನ್ನ ಒತ್ತೊತ್ತಾಗಿ ತಂತಿಯಿಂದ ಕಟ್ಟಿ ನೆಟ್ಟಿದ್ದು, ವರ್ಷದ ಬಹುಪಾಲು ಒಣ ಕಟ್ಟಿಗೆಯ ಬೇಲಿ, ಮಳೆ ಬಿದ್ದ ಕೆಲವೇ ದಿನಕ್ಕೆ ಬೇಲಿಗೇ ಎಲೆ ಬರುತ್ತೆ, ವಸಂತದಾಗ ತುದಿಗೆ ಕೆಂಪು ಹೂವು. ಬಾಟಲಿ ಜೋಡಿಸಿ ಕಟ್ಟಿದ ಗೋಡೆ, ಸೈಕಲ್ ಚಕ್ರದ ಗೇಟು, ಹಳೇ ಕಮೋಡಿನಾಗ ಕಳ್ಳಿ. ಇವರೆಲ್ಲ ನಮ್ಮೋರೇ ಅನಿಸಿತು, ಭಾಷೆ ಬೇರೆ ಅಷ್ಟೇ.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ನೀರಿನ ಕೆಲಸ. ಟೂಸಾನ್‌ನಾಗ ಡನ್‌ಬಾರ್ ಸ್ಪ್ರಿಂಗ್ ಅಂತ ಒಂದು ಹಳೇ ಬಡಾವಣೆ ಐತಿ. ಅಲ್ಲಿ ಬ್ರ್ಯಾಡ್ ಲ್ಯಾಂಕಾಸ್ಟರ್ ಅನ್ನೋರು ನೆರೆಹೊರೆಯವರನ್ನ ಕೂಡಿಸಿಕೊಂಡು 1996ರಲ್ಲಿ ಬೀದಿ ಬದಿ ಗಿಡ ನೆಡೋದನ್ನ ಶುರು ಮಾಡಿದ್ರು. ಮಳೆ ಬಂದಾಗ ರಸ್ತೆ ಮೇಲೆ ಹರಿದು ಹೋಗೋ ನೀರು ನೋಡಿ, ರಸ್ತೆ ಅಂಚಿನ ಕಾಂಕ್ರೀಟ್ ಕಟ್ಟೆಯನ್ನ ಅಲ್ಲಲ್ಲಿ ಕತ್ತರಿಸಿ, ಪಕ್ಕದಾಗ ತಗ್ಗು ತೋಡಿ, ಆ ನೀರು ಗಿಡದ ಬುಡಕ್ಕೆ ನುಗ್ಗೋ ಹಂಗೆ ಮಾಡಿದ್ರು. ಮೊದಲು ಅದು ಕಾನೂನಿಗೆ ವಿರುದ್ಧ ಇತ್ತು. ಗಿಡ ಬದುಕಿದ್ದು ನೋಡಿ ಆಮೇಲೆ ನಗರಾಡಳಿತವೇ ಒಪ್ಪಿ, ಅದನ್ನ ನಿಯಮಬದ್ಧ ಮಾಡ್ತು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಮರ ಅದಾವೆ, ಬ್ಯಾಸಿಗ್ಯಾಗ ಆ ಬೀದಿಗೆ ತಿರುಗಿದ ಕೂಡ್ಲೆ ತಂಪು ಗೊತ್ತಾಗುತ್ತೆ. ಲ್ಯಾಂಕಾಸ್ಟರ್ ಅವರು ಇದನ್ನ ಕಲಿತದ್ದು ಯಾವ ಯೂನಿವರ್ಸಿಟಿಯಲ್ಲೂ ಅಲ್ಲ, 1995ರಲ್ಲಿ ಆಫ್ರಿಕಾದ ಜಿಂಬಾಬ್ವೆಗೆ ಹೋದಾಗ ಜೆಫನಾಯ ಫಿರಿ ಅನ್ನೋ ಒಬ್ಬ ರೈತ ತಮ್ಮ ಒಣ ಗುಡ್ಡದ ಹೊಲದಾಗ ಮಳೆನೀರು ಹಿಡಿದಿಟ್ಟ ರೀತಿ ನೋಡಿ. ಅದನ್ನ ಅವರೇ ಎಲ್ಲ ಕಡೆ ಹೇಳ್ಕೋತಾರೆ. ಇದು ನನಗೆ ಬಹಳ ಮುಖ್ಯ ಅನ್ಸುತ್ತೆ, ಅವರು ಬಳ್ಳಾರಿಗೆ ಬಂದಿದ್ರೆ ನಮ್ಮವ್ವನ ಬಚ್ಚಲ ಕಾಲುವೆಯಿಂದಲೂ ಕಲಿತಿರ್ತಿದ್ರು, ನಮ್ಮಲ್ಲಿ ಆ ವಿದ್ಯೆ ಇತ್ತು, ಅದಕ್ಕೆ ವಿದ್ಯೆ ಅನ್ನೋ ಗೌರವ ಕೊಟ್ಟೋರು ಇರ್ಲಿಲ್ಲ.

ಇಲ್ಲಿಯ ಕಾನೂನು ಹೆಂಗೆ ಬಂತು ನೋಡ್ರಿ. ಅರಿಜೋನಾ ರಾಜ್ಯ 2001ರಲ್ಲೇ, ದಿನಕ್ಕೆ 400 ಗ್ಯಾಲನ್, ಅಂದ್ರೆ 1500 ಲೀಟರ್ ಒಳಗೆ, ಸ್ನಾನದ ನೀರು ಬಟ್ಟೆ ಒಗೆದ ನೀರು ಮನೆಯ ಗಿಡಕ್ಕೆ ಬಿಡೋಕೆ ಯಾವ ಅರ್ಜಿಯೂ ಬೇಡ, ಕೆಲವು ನಿಯಮ ಪಾಲಿಸಿದ್ರೆ ಸಾಕು ಅಂತ ಮಾಡ್ತು. ಅಡುಗೆಮನೆಯ ಸಿಂಕಿನ ನೀರು ಅದ್ರಾಗ ಸೇರಂಗಿಲ್ಲ, ನೀರು ನಿಲ್ಲಂಗಿಲ್ಲ, ಮನೆ ಅಂಗಳ ದಾಟಂಗಿಲ್ಲ. ಟೂಸಾನ್‌ನಾಗ 2010ರಿಂದ ಹೊಸ ಮನೆ ಕಟ್ಟೋರು ಸ್ನಾನದ ನೀರನ್ನ ಬೇರೆ ಮಾಡಿ ಹೊರಗೆ ಬಿಡೋಕೆ ಅನುಕೂಲ ಆಗೋ ಹಂಗೆ ಪೈಪ್ ಇಡಲೇಬೇಕು. ಹೊಸ ಕಮರ್ಷಿಯಲ್ ಕಟ್ಟಡಗಳು ತಮ್ಮ ಗಿಡಗಳಿಗೆ ಬೇಕಾದ ನೀರಿನ ಅರ್ಧವನ್ನ ಮಳೆನೀರಿನಿಂದಲೇ ಹೊಂದಿಸಬೇಕು. 2012ರಿಂದ ಮಳೆನೀರು ಹಿಡಿಯೋ ಮನೆಯವರಿಗೆ ನೀರಿನ ಇಲಾಖೆಯಿಂದ 2,000 ಡಾಲರ್‌ವರೆಗೆ ಸಹಾಯಧನದ ಯೋಜನೆ ಬಂತು. ಎಮ್ಮೆಗೆ ಮುಸುರೆ, ಬಾಳೆಗೆ ಬಚ್ಚಲ ನೀರು ಅಂತ ನಮ್ಮ ಓಣಿಯ ಹೆಂಗಸರು ಬೇರೆ ಮಾಡಿದ್ದೂ, ಸಿಂಕಿನ ನೀರು ಬೇಡ ಸ್ನಾನದ್ದು ಆಗಬಹುದು ಅಂತ ಈ ಕಾನೂನು ಬೇರೆ ಮಾಡಿದ್ದೂ ಒಂದೇ ವಿಂಗಡಣೆ.

ಇನ್ನೊಂದು ನಂಟು ಐತಿ, ಗಿಡದ್ದು. ಟೂಸಾನ್‌ನ ಬೀದಿ ಬದಿಯಲ್ಲಿ ಹೆಚ್ಚು ನೆಟ್ಟಿರೋದು ಮೆಸ್ಕೀಟ್ ಮರ. ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಅದೇ ಕುಲ. ಜಾಲಿ ಮೂಲತಃ ಅಮೆರಿಕ ಖಂಡದ್ದೇ, 19ನೇ ಶತಮಾನದಲ್ಲಿ ಬ್ರಿಟಿಷರ ಅರಣ್ಯ ಇಲಾಖೆ ಸೌದೆಗೆ ಅಂತ ಮದ್ರಾಸ್ ಪ್ರೆಸಿಡೆನ್ಸಿಗೆ ತಂದದ್ದು, ಆಗ ಬಳ್ಳಾರಿಯೂ ಅದ್ರಾಗೇ ಇತ್ತು. ನಮ್ಮಲ್ಲಿ ಅದು ಕೆರೆ ಅಂಗಳ, ಗೋಮಾಳ, ಹೊಲದ ಬದು ಎಲ್ಲ ನುಂಗಿ ಕುಂತೈತಿ, ಇದ್ದಿಲು ಸುಡೋಕೆ, ಕುರಿ ಮೇಯಿಸೋಕೆ ಬಿಟ್ರೆ ಎಲ್ರೂ ಬಯ್ಯೋರೇ. ಇಲ್ಲಿ ಅದರ ದಾಯಾದಿ ಸ್ಥಳೀಯ ಮರ, ಹಕ್ಕಿಗೂ ಜೇನಿಗೂ ಮನುಷ್ಯರಿಗೂ ಬೇಕು. ಒಣಗಿದ ಕಾಯಿ ಸಿಹಿ ಇರುತ್ತೆ, ಬೀದಿಯವರೆಲ್ಲ ಚೀಲದಾಗ ಆರಿಸಿಕೊಂಡು ಬಂದು ಗಿರಣಿಗೆ ಹಾಕಿಸ್ತಾರೆ, ಆ ಹಿಟ್ಟಿನ ದೋಸೆಯನ್ನ ನಾವೂ ಮಾಡಿದ್ವಿ, ಜೋಳದ ಹಿಟ್ಟು ಬೆರೆಸಿ, ಚೆನ್ನಾಗೇ ಆಗಿತ್ತು. ಹಂಗಂತ ಇಲ್ಲಿಯದು ನೋಡಿ ನಮ್ಮೂರಾಗ ಜಾಲಿ ನೆಡಬೇಕು ಅಂತಲ್ಲ, ಖಂಡಿತ ಬೇಡ. ನಮಗೆ ಬೇವು, ಹೊಂಗೆ, ಹುಣಸೆ, ಬನ್ನಿ ಅದಾವೆ. ಬನ್ನಿಯೂ ಹಳೇ ವರ್ಗೀಕರಣದಾಗ ಇದೇ ಕುಲಕ್ಕೆ ಸೇರಿದ್ದು, ದಸರಾದಾಗ ಎಲೆ ಹಂಚಿ ಅಪ್ಪಿಕೊಳ್ತೀವಿ, ಮನೆ ಮುಂದೆ ಒಂದು ನೆಟ್ಟೋರನ್ನ ನಾನು ಬಳ್ಳಾರ್ಯಾಗ ನೋಡಿಲ್ಲ. ಅದು ನೆಡಬೇಕಾದ ಮರ.

ಎರಡು ಊರನ್ನೂ ತೂಗಿ ನೋಡಿದ್ರೆ ನನಗನಿಸೋದು, ಹಂಚಿಕೊಳ್ಳೋ ವಿಷಯದಾಗ ನಮ್ಮ ಓಣಿ ಒಂದು ಕೈ ಮೇಲೆ. ಇಲ್ಲಿ ಎಷ್ಟೇ ಚಂದದ ತೋಟ ಇರ್ಲಿ, ನಿಂಬೆಹಣ್ಣು ಉದುರಿ ಕೊಳೀತಾ ಇದ್ರೂ ದಾರಿಹೋಕ ಬೇಲಿ ಒಳಗೆ ಕೈ ಹಾಕಲ್ಲ, ಮನೆಯವರೇ ಡಬ್ಬದಾಗ ತುಂಬಿ ಹೊರಗಿಟ್ಟು 'ಬೇಕಾದವರು ಒಯ್ಯಿರಿ' ಅಂತ ಚೀಟಿ ಅಂಟಿಸಬೇಕು. ನಾನಿಯ ಮೆಹೆಂದಿ ಬೇಲಿಗೆ ಚೀಟಿ ಬೇಕಿರ್ಲಿಲ್ಲ. ಮಣ್ಣನ್ನ ಮಣ್ಣಾಗಿ ಬಿಡೋ ವಿಷಯದಾಗ ಮಾತ್ರ ಇವರು ನಮಗಿಂತ ಬಹಳ ಮುಂದೆ ಅದಾರೆ, ಇದನ್ನ ಒಪ್ಪೋಕೆ ನೋವಾಗುತ್ತೆ, ಯಾಕಂದ್ರೆ ಹಿಂದೆ ಹಿಂಗಿರ್ಲಿಲ್ಲ.

ಹೋದ ಸಲ ಊರಿಗೆ ಹೋದಾಗ ಓಣಿ ಉದ್ದಕ್ಕೂ ನಡೆದೆ. ಮಾಳಿಗೆ ಮನೆ ಕೆಡವಿ ಮೂರಂತಸ್ತು ಕಟ್ಟಿದಾರೆ, ಅದು ಆಗಬೇಕಾದ್ದೇ, ಮಕ್ಕಳು ಮೊಮ್ಮಕ್ಕಳು ಆದ ಮೇಲೆ ಜಾಗ ಬೇಕಲ್ಲ. ಆದ್ರೆ ಕಟ್ಟೆ ಹೋಗಿ ಅಲ್ಲಿ ಕಾರು ಏರೋ ಗ್ರಾನೈಟ್ ಇಳಿಜಾರು ಬಂದೈತಿ, ಆ ಎರಡು ಮೂರು ಅಡಿ ಮಣ್ಣಿಗೆ ಪೇವರ್ ಬ್ಲಾಕ್ ಬಿದ್ದೈತಿ, ಚರಂಡಿ ಮೇಲೂ ಚಪ್ಪಡಿ. ಗಿಡ ಹಾಕೋ ಆಸೆ ಇರೋರು ಮೂರನೇ ಮಹಡಿಯ ಟೆರೇಸ್ ಮೇಲೆ ಪ್ಲಾಸ್ಟಿಕ್ ಕುಂಡದಾಗ ಹಾಕಿ, ಆರ್‌ಓ ಫಿಲ್ಟರಿನ ನೀರಿನಿಂದ ಹಿಡಿದು ಟ್ಯಾಂಕರ್ ನೀರಿನವರೆಗೆ ಮೇಲಕ್ಕೆ ಹೊತ್ತು, ಮೇ ತಿಂಗಳಾಗ ಒಣಗಿದ ಮೇಲೆ ಬಿಟ್ಟುಬಿಡ್ತಾರೆ. ಸ್ನಾನದ ನೀರೆಲ್ಲ ನೇರ ಒಳಚರಂಡಿಗೆ. ಮಧ್ಯಾಹ್ನ ಮೂರಕ್ಕೆ ಓಣ್ಯಾಗ ಕಾಲಿಡೋಕೆ ಆಗಲಿಲ್ಲ, ಬ್ಲಾಕಿನ ಕಾವು ಚಪ್ಪಲಿ ದಾಟಿ ಬರ್ತಿತ್ತು, ನೆರಳು ಇದ್ದದ್ದು ಟೈರಿನ ಜಾಗದಾಗ ಉಳಿದಿದ್ದ ನುಗ್ಗೆ ಕೆಳಗೆ ಮಾತ್ರ. ಗಾರ್ಡ್ ಅಜ್ಜ ಇಲ್ಲ, ಆ ಮನೆ ಮಾರಿ ಹೋಗಿದೆ, ಬೋರ್ಡುಗಳನ್ನ ಕೊಂಡವರು ಗುಜರಿಗೆ ಹಾಕಿದ್ರಂತೆ. ನನಗೆ ಸಿಟ್ಟು ಬಂತು, ಈಗಲೂ ಐತಿ. ಊರು ಬೆಳೆಯೋದಕ್ಕೂ ಮಣ್ಣು ಮುಚ್ಚೋದಕ್ಕೂ ಏನೂ ಸಂಬಂಧ ಇಲ್ಲ, ಟೂಸಾನ್ ಕೂಡ ಬೆಳೆದ ಊರೇ.

ಸೊಳ್ಳೆ ಆಗುತ್ತೆ ಅಂತಾರೆ. ನಿಂತ ನೀರಿಗೆ ಸೊಳ್ಳೆ, ಹರಿದು ಮಣ್ಣೊಳಗೆ ಇಂಗಿದ್ದಕ್ಕೆ ಇಲ್ಲ, ಅದಕ್ಕೇ ಬುಡದ ತಗ್ಗಿಗೆ ಜಲ್ಲಿ ಮರಳು ಹಾಕಿ ಮೇಲೆ ತರಗೆಲೆ ಮುಚ್ಚೋದು. ಮನೆ ಪಾಯಕ್ಕೆ ನೀರು ಇಳಿಯುತ್ತೆ ಅಂತಾರೆ, ಎರೆ ಮಣ್ಣಿನಾಗ ಅದು ನಿಜವಾದ ಭಯ, ಹಂಗಾಗಿ ಗೋಡೆಗೆ ಅಂಟಿ ಬಿಡಬಾರದು, ಪೈಪ್ ಎಳೆದು ದೂರ ಕಾಂಪೌಂಡಿನ ಅಂಚಿಗೆ ಬಿಡಬೇಕು. ಬೇರು ಗೋಡೆ ಒಡೆಯುತ್ತೆ ಅಂದ್ರೆ ಬಾಳೆ, ಪಪ್ಪಾಯಿ, ಕರಿಬೇವು, ದಾಸವಾಳ ಹಾಕಿ, ಇವು ಯಾರ ಮನೆ ಗೋಡೆಯನ್ನೂ ಒಡೆದದ್ದು ನಾ ನೋಡಿಲ್ಲ.

ಈಗ ನಮ್ಮ ತಮ್ಮ ಬಳ್ಳಾರ್ಯಾಗ ಅದೇ ಓಣಿಯ ನಮ್ಮ ಹಳೇ ಮನೆ ತೆಗೆದು ಕಟ್ಟಿಸ್ತಾ ಇದಾನೆ. ಪ್ಲಾನ್ ಕಳಿಸಿದಾಗ ಮುಂದೆ ಪೂರ್ತಿ ಪಾರ್ಕಿಂಗ್ ಟೈಲ್ಸ್ ಅಂತ ಇತ್ತು. ಫೋನಿನಾಗ ಜಗಳ ಆಯ್ತು, "ಅಲ್ಲಿ ಕುಂತು ಹೇಳೋದು ಸುಲಭ ಅಣ್ಣ, ಇಲ್ಲಿ ಕಾರು ಎಲ್ಲಿ ನಿಲ್ಲಿಸ್ಲಿ?" ಅಂದ, ಅವನ ಮಾತಾಗೂ ನ್ಯಾಯ ಐತಿ, ಓಣ್ಯಾಗ ಕಾರು ನಿಲ್ಲಿಸಿದ್ರೆ ಹಾಲಿನ ಗಾಡಿಯೂ ಹೋಗಲ್ಲ. ಕೊನೆಗೆ ಕಾರಿನ ಎರಡು ಗಾಲಿ ಓಡೋ ಜಾಗಕ್ಕೆ ಮಾತ್ರ ಕಡಪ ಬಂಡೆ, ನಡುವೆ ಮಣ್ಣು ಬಿಡೋದು, ಪೂರ್ವದ ಕಾಂಪೌಂಡ್ ಉದ್ದಕ್ಕೂ ಮೂರು ಅಡಿ ಏನೂ ಹಾಸದೇ ಬಿಡೋದು ಅಂತ ಒಪ್ಪಿಕೊಂಡ. ಕೆಳಗಿನ ಬಾತ್‌ರೂಮಿನ ಸ್ನಾನದ ನೀರಿಗೆ ಬೇರೆ ಪೈಪ್, ಅದಕ್ಕೊಂದು ವಾಲ್ವ್, ಮಳೆಗಾಲದಾಗ ಒಳಚರಂಡಿಗೆ ತಿರುಗಿಸೋಕೆ. ಪ್ಲಂಬರ್ ಮೊದಲು ಹಂಗೆಲ್ಲ ಮಾಡಲ್ಲ ಅಂದನಂತೆ, ಆಮೇಲೆ ಅವರ ಅಜ್ಜಿ ಮನೆಯಲ್ಲೂ ಹಂಗೇ ಇತ್ತು ಅಂತ ಅವನೇ ಇಳಿಜಾರು ಲೆಕ್ಕ ಹಾಕಿ ಕೊಟ್ಟಿದಾನೆ. ಮಾಳಿಗೆಯ ಮಳೆನೀರಿನ ಪೈಪು ಎಲ್ಲಿ ಇಳಿಸಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಅವ್ವ ಬಾಳೆ ಬುಡಕ್ಕೆ ಅಂತಾಳೆ, ತಮ್ಮ ನೆಲದಡಿಯ ನೀರಿನ ಸಂಪ್‌ಗೆ ಅಂತಾನೆ, ನಾನು ಅವ್ವನ ಕಡೆ.